ಎಲುಬಿನ ನಡುವಿನ ಕಪ್ಪು

ಜತ್ತ ಸರಕಾರಿ ದವಾಖಾನೆ, ಮೂರನೆಯ ಖೋಲಿ.
ಬಾಗಿಲ ಮೇಲಿನ ಕೆಂಪು ಬಲ್ಬು ಹೋದ ದೀಪಾವಳಿಯಿಂದ ಹತ್ತುವುದಿಲ್ಲ,
ಯಾರು ಬೇಕಾದರೂ ತಳ್ಳಿಕೊಂಡು ಒಳಗೆ ಬರುತ್ತಾರೆ.
ಚೀಟಿ ಮರಾಠಿಯಲ್ಲಿ ಬರುತ್ತದೆ, ನೋವು ಕನ್ನಡದಲ್ಲಿ.
ಎರಡನ್ನೂ ಓದಿ, ಕೈಯನ್ನು ತಟ್ಟೆಯ ಮೇಲೆ ಇಡಿಸಿ
"ಅಳ್ಳಾಡಬ್ಯಾಡ್ರಿ" ಅನ್ನುತ್ತೇನೆ.
ಹತ್ತೊಂಬತ್ತು ವರ್ಷದಲ್ಲಿ ನಾನು
ಗಂಡನಿಗಿಂತ ಹೆಚ್ಚು ಜನರಿಗೆ ಹೇಳಿದ ಮಾತು.

ಎಲುಬು ಬೆಳ್ಳಗೆ ಬೀಳುತ್ತದೆ.
ಎಲುಬಿಗೆ ಎಲುಬು ಬಿಗಿದ ನಾರು ಬೀಳುವುದೇ ಇಲ್ಲ,
ಅದು ಇರುವ ಜಾಗ ಬರೀ ಕಪ್ಪು.
ಸೋಲಾಪುರದಲ್ಲಿ ಕಲಿಯುವಾಗ ಒಂದೇ ಸಲ ನೋಡಿದ್ದೆ,
ಔಷಧಿನೀರಲ್ಲಿ ನೆನೆದ ಯಾರದೋ ತೋಳು:
ಬಾಳೆದಿಂಡಿನ ಒಳಪದರದ ಹೊಳಪು,
ಉಗುರಿನಿಂದ ಕೆರೆದರೂ ಬಿಡದ ಹಟ.
ಆ ಮನುಷ್ಯ ಸತ್ತು ನಾಕು ವರ್ಷವಾಗಿತ್ತು,
ನಾರಿಗೆ ಇನ್ನೂ ಯಾರೂ ಹೇಳಿರಲಿಲ್ಲ.

ಮುಂಜಾನೆ ಬಂದವನು ಬಿಳೂರಿನ ಪೈಲವಾನ ಗುರಬಸು,
ಬಲಗೈಯನ್ನು ಎಡಗೈಯಲ್ಲಿ ಕೂಸಿನಂತೆ ಎತ್ತಿಕೊಂಡು,
ಮೈಗೆ ಅಖಾಡದ ಕೆಮ್ಮಣ್ಣು, ಮಜ್ಜಿಗೆ, ಅರಿಷಿಣದ ವಾಸನೆ.
ತೋಳಿನ ಗುಂಡು ಮುಂದೆ ಜಾರಿ
ಕಾಗೆಕೊಕ್ಕಿನಂಥ ಎಲುಬಿನ ಅಡಿಗೆ ಹೋಗಿ ಕೂತಿತ್ತು.
ಹೆಗಲು ಅಂದರೆ ಅಷ್ಟೇ,
ಚಹಾದ ಬಶಿಗೆ ಒರಗಿಸಿದ ಲಿಂಬೆಹಣ್ಣು;
ಬಶಿಗೆ ಆಳವಿಲ್ಲ, ಅಂಚಿಗೆ ತೆಳ್ಳನೆ ಮೆತ್ತೆ,
ಸುತ್ತ ಒಂದು ಸಡಿಲು ಚೀಲ,
ಚೀಲದ ಮುಂಬದಿಗೆ ಮೂರು ಪಟ್ಟಿ.
ಎಲ್ಲ ದಿಕ್ಕಿಗೂ ತಿರುಗುತ್ತೇನೆ ಅನ್ನುವ ಕೀಲಿಗೆ
ಮನೆ ಗಟ್ಟಿ ಇರುವುದಿಲ್ಲ.
"ಏನ್ ಹರದೈತಿ, ಕಾಣಸ್ತೇನ್ರಿ?"
"ಜಾರಿದ್ದು ಕಾಣಸ್ತದ. ಹರದದ್ದು ಕಾಣಾಂಗಿಲ್ಲ."
ಅವನು ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ,
ಎದುರಾಳಿಯ ಫೋಟೋ ನೋಡುವಂತೆ.

ಆಮೇಲೆ ಸಂಖದ ಇಂದ್ರಾಬಾಯಿ, ದ್ರಾಕ್ಷಿ ಚಾಟಣಿಯವಳು.
ಹೋದ ವರ್ಷ ಟ್ರ್ಯಾಲಿಯಿಂದ ಇಳಿಯುವಾಗ ಅಂಗೈ ಊರಿ ಬಿದ್ದಳಂತೆ.
ಅಂದಿನಿಂದ ಕತ್ತರಿ ಹಿಡಿದಾಗೆಲ್ಲ ಮಣಿಕಟ್ಟಿನಲ್ಲಿ ಏನೋ ಮಾತಾಡುತ್ತದೆ.
ಎಂಟು ಹರಳು, ಎರಡು ಸಾಲು;
ನಾವೆಯಂಥ ಎಲುಬು, ಪಕ್ಕಕ್ಕೆ ಅರ್ಧಚಂದ್ರದಂಥದು,
ಒಂದನ್ನೊಂದು ಮುಟ್ಟಿಕೊಂಡೇ ಇರಬೇಕಾದವು.
ಅವಳ ಕೈಯಲ್ಲಿ ನಾವೆಗೂ ಚಂದ್ರನಿಗೂ ನಡುವೆ
ಬಿದ್ದ ಹಲ್ಲಿನಷ್ಟು ಸಂದು.
"ಮಿರಜಿಗೆ ಹೋಗ್ರಿ, ಅಲ್ಲಿ ದೊಡ್ಡ ಮಷೀನಿನ್ಯಾಗ ನಾರು ಬೀಳತೈತಿ."
"ಚಾಟಣಿ ಮುಗೀಲಿ," ಅಂದಳು,
ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಊಟದ ಹೊತ್ತಿಗೆ ಉಮದಿಯ ಬಸ್ಸಿನವರು.
ಎರಡು ವರ್ಷದ ಹುಡುಗಿ, ತೋಳು ಜೋತು ಬಿಟ್ಟಿದ್ದಾಳೆ,
ಅಂಗೈ ಹೊಟ್ಟೆಯ ಕಡೆಗೆ,
ಮುಟ್ಟಿದರೆ ಚೀರುತ್ತಾಳೆ.
ಚೀಟಿಯಲ್ಲಿ: ಉಜವಾ ಕೋಪರ.
"ನಾನ ಎಳದೆರಿ," ಅಂದಳು ತಾಯಿ, ನಾನು ಕೇಳುವ ಮುಂಚೆ,
"ಬಸ್ಸ ಹೊಂಟಿತ್ತು, ಕೈ ಹಿಡದ ಮ್ಯಾಲೆ ಎಳದೆ."

ಮೊಣಕೈಯ ಕೆಳಗೆ, ಹೆಬ್ಬೆರಳಿನ ಕಡೆಯ ಎಲುಬಿಗೆ
ಒಂದು ಉಂಗುರವಿದೆ, ನಾರಿನದು.
ಆ ಉಂಗುರದಲ್ಲಿ ಎಲುಬು ತಿರುಗಿದರೆ
ಅಂಗೈ ಮೇಲಾಗುತ್ತದೆ, ಅಂಗೈ ಕೆಳಗಾಗುತ್ತದೆ;
ಬೇಡುವುದು, ಬಡಿಸುವುದು ಎರಡೂ ಅಲ್ಲಿಂದಲೇ.
ಕೂಸುಗಳಲ್ಲಿ ಉಂಗುರ ಇನ್ನೂ ಸಡಿಲು.

ನಾನು ಏನೂ ಗುಣಪಡಿಸಲು ಹೋಗಲಿಲ್ಲ.
ಫಿಲ್ಮಿಗೆ ಕೈ ಇಡಬೇಕಲ್ಲ, ಹಾಗೆ ಇಡುವ ರೀತಿಯೇ ಅದು:
ಹೆಬ್ಬೆರಳು ಮೊಣಕೈಗೆ, ಅಂಗೈ ಆಕಾಶಕ್ಕೆ.
ತಿರುಗಿಸಿದೆ.
ಟಕ್.
ಕಿವಿಗಲ್ಲ, ನನ್ನ ಹೆಬ್ಬೆರಳಿಗೆ ಕೇಳಿಸಿತು.

ಅಳು ಅರ್ಧಕ್ಕೆ ನಿಂತಿತು.
ಬಲಗಡೆ ಎಂದು ಗುರುತಿಡುವ ಸೀಸದ ಅಕ್ಷರ
ತಟ್ಟೆಯ ಮೂಲೆಯಲ್ಲಿತ್ತು, ಅದಕ್ಕೆ ಕೈ ಚಾಚಿದಳು,
ಅದೇ ಕೈ.
ಬಾಯಿಗೆ ಒಯ್ಯುವ ಮುಂಚೆ ಕಸಿದುಕೊಂಡೆ,
ಈಗ ಅತ್ತದ್ದು ಅಕ್ಷರಕ್ಕಾಗಿ.

ಹೊರಡುವಾಗ ತಾಯಿಗೆ ಅವಳ ಕೈ ಹಿಡಿಯಲು ಹೆದರಿಕೆ.
ಸೆರಗಿನೊಳಗೆ ತನ್ನ ಕೈ ಬಚ್ಚಿಟ್ಟುಕೊಂಡೇ ನಡೆದಳು.

ರಜಿಸ್ಟರಿನಲ್ಲಿ ಬರೆದೆ: ಫಿಲ್ಮು ಖರ್ಚಾಗಿಲ್ಲ.
ಕಾರಣದ ಖಾನೆಗೆ ಮರಾಠಿ ಹೊಳೆಯಲಿಲ್ಲ,
ಕನ್ನಡದಲ್ಲೇ ಹಾಕಿದೆ: ಕೂತಿತು.
ತಿಂಗಳ ಕೊನೆಗೆ ಸಾಹೇಬರು ಕೇಳುತ್ತಾರೆ, ಏನು ಕೂತಿತು ಎಂದು.
ಕೇಳಲಿ.